ಹತ್ತು ಎಣಿಸುವ ತನಕ

ಶಾಲೆಯ ಮಕ್ಕಳೆಲ್ಲ ಅವರನ್ನು ಕರಡಮ್ಮ ಎಂದೇ ಕರೆಯುತ್ತಿದ್ದರು. ಪತ್ರಿಕಾ ಕಚೇರಿಯಲ್ಲಿ ಮೂವತ್ತೈದು ವರ್ಷ ಕರಡು ತಿದ್ದಿ ನಿವೃತ್ತರಾದ ಹೆಂಗಸಿಗೆ ಮಕ್ಕಳು ಇನ್ನೇನು ಹೆಸರಿಟ್ಟಾರು? ಈಗ ಶನಿವಾರ ಶನಿವಾರ ಹೈಸ್ಕೂಲಿನ ಗ್ರಂಥಾಲಯದ ಮೂಲೆಯ ಮೇಜಿನಲ್ಲಿ ಕೂತು, ಶಾಲಾ ಪತ್ರಿಕೆ ಹೊರತರುವ ಮಕ್ಕಳಿಗೆ ಹಳೆಯ ಪತ್ರಿಕೆಗಳಲ್ಲಿ ಸುದ್ದಿ ಹುಡುಕುವುದು ಹೇಗೆ, ಜನರ ಮಾತು ಕೇಳಿಸಿಕೊಳ್ಳುವುದು ಹೇಗೆ ಎಂದು ಹೇಳಿಕೊಡುತ್ತಿದ್ದರು. ಬಿಟ್ಟಿ ಸೇವೆ. ಕಾಗುಣಿತ ತಪ್ಪಿದರೆ ಮಾತ್ರ ಕಣ್ಣು ಕೆಂಪಗಾಗುತ್ತಿತ್ತು.

ಕೇಳಿಸಿಕೊಳ್ಳುವ ಹೋಂವರ್ಕಿಗೆ ಅವರದ್ದು ಒಂದೇ ನಿಯಮ. "ಎದುರಿನವರು ಮಾತು ನಿಲ್ಲಿಸಿದ್ರೆ ನೀವು ಬಾಯಿ ಹಾಕ್ಬೇಡಿ. ಬೆರಳು ಮಡಚಿ ಹತ್ತು ಎಣಿಸಿ. ನಿಜ ಬರೋದು ಆ ಹತ್ತರೊಳಗೆ."

ಈ ನಿಯಮ ಯಾರಿಗೆ ದಕ್ಕಿದರೂ ಒಂಬತ್ತನೇ ತರಗತಿಯ ರೇಡಿಯೋಗೆ ದಕ್ಕಿರಲಿಲ್ಲ. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದಲೇ ಆ ಹುಡುಗಿಗೆ ಆ ಹೆಸರು.

ಆ ಶನಿವಾರ ರೇಡಿಯೋ ಧೂಳು ಹಿಡಿದ ಪತ್ರಿಕೆಗಳ ಕಟ್ಟೊಂದನ್ನು ಎದೆಗವಚಿಕೊಂಡು ಬಂದಳು. ಅದರ ಬೆನ್ನಿನ ಮೇಲಿನ ಇಸವಿ ಕರಡಮ್ಮನ ಕಣ್ಣಿಗೆ ಬಿತ್ತು. ಅದನ್ನು ಕೆಳಗಿನ ಕಪಾಟಿನಲ್ಲಿ ಭೂಪಟದ ಸುರುಳಿಗಳ ಹಿಂದೆ ತಳ್ಳಿದ್ದವರು ಅವರೇ.

"ಸೇತುವೆಯಿಂದ ಬಸ್ಸು ಬಿದ್ದ ಸುದ್ದಿ ಅಜ್ಜಿ. ಸತ್ತುಹೋದ ಒಬ್ಬ ಹುಡುಗನ ಹೆಸರು ಗಾಯಗೊಂಡವರ ಪಟ್ಟಿಲಿ ಬಂದಿತ್ತಂತೆ. ಅವನಮ್ಮ ಅದನ್ನ ಓದಿ, ಮಗ ಬದುಕಿದಾನೆ ಅಂತ ಬಟ್ಟೆ ತಗೊಂಡು ಆಸ್ಪತ್ರೆಗೆ ಓಡಿದ್ರಂತೆ. ಒಂದೊಂದು ಹಾಸಿಗೆನೂ ಹುಡುಕಿದ್ರಂತೆ. ಆ ತಪ್ಪು ಮಾಡಿದ್ದು ನಮ್ಮ ತಾತ! ಈ ಪೇಪರಲ್ಲಿ ಅಚ್ಚಿನ ಮೊಳೆ ಜೋಡಿಸ್ತಿದ್ರು. ಕೆಲಸ ಹೋಯ್ತು. ನೀವೂ ಅಲ್ಲೇ ಇದ್ರಲ್ಲ, ಗೊತ್ತಾ ನಮ್ಮ ತಾತ?"

"ಗೊತ್ತು," ಎಂದರು ಕರಡಮ್ಮ.

ಗೊತ್ತಿಲ್ಲದೆ ಏನು. ಅವನು ಸರಿಯಾಗಿಯೇ ಜೋಡಿಸಿದ್ದ. ಕರಡಿನ ಮೇಲೆ ಕೆಂಪು ಪೆನ್ಸಿಲ್ಲಿನ ಬಾಣ ಎಳೆದು ಆ ಹೆಸರನ್ನು ಕಣ್ತಪ್ಪಿ ಗಾಯಗೊಂಡವರ ಪಟ್ಟಿಗೆ ದಾಟಿಸಿದ್ದು, ಕೆಲಸಕ್ಕೆ ಸೇರಿ ಐದು ತಿಂಗಳಾಗಿದ್ದ ಈ ಕರಡಮ್ಮ. ಮರುದಿನ ಸಂಪಾದಕರು "ಯಾರ ಕೆಲಸ ಇದು?" ಎಂದು ಮೇಜು ಗುದ್ದಿದಾಗ, ಆ ಹಾಳೆ ಇವರ ಕೈಚೀಲದೊಳಗೆ ನಾಲ್ಕು ಮಡಿಕೆಯಾಗಿ ಕೂತಿತ್ತು. ಅವನು "ಕರಡು ತೆಗೆಸಿ ನೋಡಿ ಸಾರ್" ಎಂದು ಅಂಗಲಾಚಿದ. ಕರಡು ಸಿಗಲಿಲ್ಲ. ಇವರು ಬಾಯಿಗೆ ಬೀಗ ಹಾಕಿಕೊಂಡರು. ಅಂದಿನಿಂದ ಬಾಗಿಲು ಬಡಿದ ಸದ್ದಾದರೆ ಸಾಕು, ಅವನೇ ಬಂದನೇನೋ ಎಂದು ಇವರ ಎದೆ ಧಸಕ್ಕೆನ್ನುತ್ತಿತ್ತು.

"ತಾತನ ಮಾತು ರೆಕಾರ್ಡ್ ಮಾಡ್ಕೊಂಡು ಬಂದಿದೀನಿ, ಕೇಳಿ," ಎಂದು ರೇಡಿಯೋ ಮೊಬೈಲ್ ಒತ್ತಿದಳು.

ಮುದಿಯಾಗಿತ್ತು, ಆದರೆ ಅದೇ ದನಿ. "ನಾನು ಸರಿಯಾಗೇ ಜೋಡಿಸಿದ್ದೆ ಮಗಾ. ಆಮೇಲೆ ಕರಡು ತಿದ್ದಿ ಬಂತು. ಅದರಲ್ಲಿ..."

ಮಾತು ನಿಂತಿತು. ಕರಡಮ್ಮ ಬೆರಳು ಮಡಚತೊಡಗಿದರು. ಒಂದು. ಎರಡು.

"ತಾತ, ಆಗ ಪೇಪರ್ ಎಷ್ಟು ಪುಟ ಇರ್ತಿತ್ತು?" ಇದು ರೇಡಿಯೋ ದನಿ.

"ನಾಲ್ಕು," ಎಂದಿತು ಮುದಿ ದನಿ. ಮುಂದೆಲ್ಲ ಶಾಯಿ, ಯಂತ್ರ, ಸೈಕಲ್ಲಿನ ಕಥೆ.

ಬದುಕಿದೆಯಾ ಬಡಜೀವವೇ ಎನಿಸಿತು ಕರಡಮ್ಮನಿಗೆ. ಆ ಸಮಾಧಾನದ ಬೆನ್ನಿಗೇ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

"ತಪ್ಪು ಮಾಡಿದವರೆಲ್ಲ ಹಾಗೇ ಅಂತಾರೆ ಬಿಡು ಅಂದ್ರು ಅಪ್ಪ," ಎನ್ನುತ್ತ ಹುಡುಗಿ ಮಾತುಗಳನ್ನೆಲ್ಲ ಬರೆದುಕೊಂಡಿದ್ದ ಹಾಳೆ ಮುಂದಿಟ್ಟಳು. "ಹೋಂವರ್ಕ್ ಸರಿ ಇದೆಯಾ ಅಜ್ಜಿ?"

ಸರಿ ಇದೆ ಎಂದರೆ ಮುಗಿಯಿತು. ಕಟ್ಟು ಮತ್ತೆ ಭೂಪಟಗಳ ಹಿಂದೆ ಸೇರುತ್ತದೆ. ಆ ಮುದುಕನ ತಲೆಗೆ ಕಟ್ಟಿದ ತಪ್ಪು ಎರಡನೇ ಸಲ ಅಚ್ಚಾಗುತ್ತದೆ, ಈ ಸಲ ಶಾಲಾ ಪತ್ರಿಕೆಯಲ್ಲಿ, ಮೊಮ್ಮಗಳ ಕೈಯಲ್ಲೇ. ಬೇರೇನಾದರೂ ಅಂದರೆ ಈ ಮಕ್ಕಳು ನಾಳೆಯಿಂದ ತಮ್ಮ ಮುಖ ನೋಡುತ್ತಾರೆಯೇ? ಈ ಮೇಜು ಬಿಟ್ಟರೆ ಕರಡಮ್ಮನಿಗೆ ವಾರವಿಡೀ ಹೋಗಲು ಬೇರೆ ಜಾಗವಿರಲಿಲ್ಲ.

ಕರಡಮ್ಮ ಕೆಂಪು ಪೆನ್ಸಿಲ್ ಎತ್ತಿಕೊಂಡರು. 'ಅದರಲ್ಲಿ' ಎಂಬ ಪದದ ಮುಂದೆ ಒಂದು ಗೆರೆ ಎಳೆದರು.

"ಇಲ್ಲಿ ಮಧ್ಯ ಬಾಯಿ ಹಾಕಿದೀಯ. ಹೋಗಿ ಮತ್ತೆ ಕೇಳು. ಕರಡಲ್ಲಿ ಏನಿತ್ತು, ತಿದ್ದಿದ್ದು ಯಾರು ಅಂತ."

"ಅಲ್ಲಿ ಕರಡು ನೋಡ್ತಿದ್ದವರು ನೀವಲ್ವಾ? ನಿಮ್ಮನ್ನೇ ಕೇಳ್ತೀನಿ. ತಿದ್ದಿದ್ದು ಯಾರು ಅಜ್ಜಿ?" ಹುಡುಗಿ ರೆಕಾರ್ಡಿಂಗ್ ಒತ್ತಿ ಮೊಬೈಲನ್ನು ಇವರತ್ತ ಸರಿಸಿದಳು.

ಪುಟ ಎಷ್ಟು ಅಂತ ಕೇಳಿಬಿಡೇ ತಾಯಿ, ಎಂದು ಕರಡಮ್ಮ ಒಳಗೊಳಗೇ ಬೇಡಿಕೊಂಡರು. ರೇಡಿಯೋ ಕೇಳಲಿಲ್ಲ. ಹುಟ್ಟಿದಾಗಿನಿಂದ ಸುಮ್ಮನಿರದ ಹುಡುಗಿ ತುಟಿ ಬಿಗಿದು ಕೂತಿದ್ದಳು. ಮಡಿಲಲ್ಲಿ ಅವಳ ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು.

ಏಳನೇ ಬೆರಳಿಗೆ ಕರಡಮ್ಮ, "ನಾನು," ಎಂದರು. "ನಿನ್ನ ತಾತ ಸರಿಯಾಗೇ ಜೋಡಿಸಿದ್ರು."