ಹಿರೇರಾದ ಕಲ್ಲುಗಳು

ಹಿತ್ತಲ ಗೋಡೆಗೆ ಬಳಿಯಲೆಂದು ಮೊನ್ನೆ ಸುಣ್ಣದ ಹರಳಿಗೆ ನೀರು ಹುಯ್ಯಿಸಿದೆ. ತಗಡಿನ ಡಬ್ಬದಲ್ಲಿ ಸುಣ್ಣ ಕೊತಕೊತ ಕುದಿದು ಬಿಸಿ ಹಬೆ ಮೂಗಿಗೆ ಬಡಿಯಿತು. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಈ ಮನೆ ಮರೆತೇಹೋಯಿತು. ಹರಿಹರದ ನಮ್ಮ ಓಣಿ, ಎದುರುಮನೆಯ ದೊಡ್ಡಮ್ಮ...

ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಅವರು ದೊಡ್ಡಮ್ಮ. ಅರವತ್ತರ ದಶಕದ ಮಾತು. ಗಂಡ ತೀರಿಕೊಂಡ ಮೇಲೆ ಗುತ್ತೂರು ದಾರಿಯಲ್ಲಿ ಕಲ್ಲು ಸುಟ್ಟು ಸುಣ್ಣ ಮಾಡುವ ಭಟ್ಟಿಯನ್ನು ಅವರೇ ನಡೆಸುತ್ತಿದ್ದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ, ಮಾತು ಅವರ ಸುಣ್ಣದಷ್ಟೇ ಖಾರ. ಆದರೆ ಸೌದೆಯಲ್ಲಿ ಇರುವೆ ಕಂಡರೆ, ಸೌದೆ ಕೊಡವಿಸಿ, ಇರುವೆ ಹರಿದುಹೋಗುವ ತನಕ ಬೆಂಕಿ ಹಾಕಗೊಡುತ್ತಿರಲಿಲ್ಲ. ಆಳುಗಳು ಒಳಗೊಳಗೇ ಗೊಣಗುತ್ತಿದ್ದರು.

ನಮ್ಮ ಚಿಕ್ಕಪ್ಪ ದಾವಣಗೆರೆಯ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರದ ಮೇಷ್ಟ್ರು. "ನಮ್ಮ ಸೀಮೆ ಕಲ್ಲು ಭಾಳ ಹಳೇವು. ಅವು ಆದಾಗ ಭೂಮಿ ಮ್ಯಾಲೆ ಜೀವಾನೇ ಇರಲಿಲ್ಲ" ಎಂದು ಊಟಕ್ಕೆ ಕೂತಾಗಲೂ ಪಾಠ. ಒಂದು ರಜೆಯಲ್ಲಿ ಭಟ್ಟಿಗೆ ಹೋದವರು, ಗಾಡಿಯಿಂದ ಇಳಿಸಿದ್ದ ಕಲ್ಲುಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತೇಬಿಟ್ಟರು. ಕೆಲವು ಕಲ್ಲುಗಳಲ್ಲಿ ಕೊಯ್ದ ಎಲೆಕೋಸಿನ ಹಾಗೆ ಪದರದ ಮೇಲೆ ಪದರ. ಒಂದು ತುಂಡನ್ನು ಒಯ್ದು, ತಿಳಿದವರಿಗೆ ತೋರಿಸಿ, ತಿಂಗಳೊಪ್ಪತ್ತಿಗೆ ತಿರುಗಿ ಬಂದರು.

"ಅಕ್ಕಾ, ಇವು ಬರೇ ಕಲ್ಲಲ್ರಿ! ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ನೀರಾಗ ಪದರ ಪದರ ಕಟ್ಟಿದ್ದು. ಇಷ್ಟು ವರ್ಷ ನಾನು ಹುಡುಗ್ರಿಗೆ ಹೇಳಿದ್ದು ತಪ್ಪು!"

ತಪ್ಪಾಯಿತೆಂದು ಅಷ್ಟು ಖುಷಿಪಟ್ಟ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ. ದೊಡ್ಡಮ್ಮನ ಮುಖ ಮಾತ್ರ ಬಿಳುಚಿತು. ಬಾಯಲ್ಲಿದ್ದುದನ್ನು ಉಗುಳಿದರು.

"ಹಂಗಾರೆ ಇಷ್ಟು ದಿನ ಜೀವ ಸುಟ್ಟು ಮಾರಿದ್ನಾ ನಾನು? ಎಲಿಗೆ ಹಚ್ಕೊಂಡು ತಿಂದ್ನಾ?"

ಅಂದಿನಿಂದ ಭಟ್ಟಿಗೆ ಬೆಂಕಿಯಿಲ್ಲ. ದೀಪಾವಳಿ ಹತ್ತಿರ ಬಂದಿತ್ತು, ಊರೆಲ್ಲ ಸುಣ್ಣ ಬಳಿಯುವ ಕಾಲ. ಆಳುಗಳು ಕೆಲಸವಿಲ್ಲದೆ ಕೂತರು. ಓಣಿಯವರು ನಕ್ಕರು, ಅಮ್ಮ ಹೋಗಿ ಬುದ್ಧಿ ಹೇಳಿದಳು, ದೊಡ್ಡಮ್ಮ ಜಗ್ಗಲಿಲ್ಲ. ಎಲೆಅಡಿಕೆ ಬಿಟ್ಟ ಅವರ ಒಣ ಬಾಯಿ ನೋಡಿದರೆ ನನಗೆ ಅಳು ಬರುತ್ತಿತ್ತು...

ಚಿಕ್ಕಪ್ಪ ಅವರ ಜಗಲಿಯ ಮೇಲೆ ಕೂತು ಸಮಾಧಾನವಾಗಿ ಹೇಳಿದರು: "ಅವು ಸತ್ತು ಎಣಿಸಾಕ ಆಗದಷ್ಟು ಕಾಲ ಆಗೈತೆ, ಅಕ್ಕಾ. ಇಂಥಾ ಜೀವಿಗಳು ಬಿಟ್ಟ ಗಾಳಿಯಿಂದ್ಲೇ ನಾವೀಗ ಉಸಿರಾಡೋದು."

ದೊಡ್ಡಮ್ಮ ಹಣೆಯ ವಿಭೂತಿ ಮುಟ್ಟಿಕೊಂಡರು.

"ಹಂಗಾರೆ ನಮ್ಮ ಹಿರೇರಾದ್ರು. ನಮ್ಮಾಗ ಹಿರೇರನ್ನ ಸುಡಲ್ಲಪ್ಪ, ಮಣ್ಣು ಮಾಡ್ತೀವಿ."

ಮರುದಿನವೇ ಪದರದ ಕಲ್ಲುಗಳನ್ನೆಲ್ಲ ಬೇರೆ ಮಾಡಿಸಿ, ಭಟ್ಟಿಯ ಹಿಂದೆ ಗುಂಡಿ ತೋಡಿಸಿ, ವಿಭೂತಿ ಹಚ್ಚಿ ಒಂದೊಂದಾಗಿ ಇಳಿಸತೊಡಗಿದರು. ಸುದ್ದಿ ಕೇಳಿ ಚಿಕ್ಕಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರು. ಆಗಷ್ಟೇ ಬೆಳಕು ಕಂಡ ಕಲ್ಲುಗಳು ಮತ್ತೆ ಮಣ್ಣು ಸೇರುತ್ತಿದ್ದವು! ಗುಂಡಿಯ ಅಂಚಿನಲ್ಲಿ ಕೈಮುಗಿದು ನಿಂತರು.

"ಅಕ್ಕಾ, ಹಿರೇರದ್ದು ಒಂದು ಫೋಟೋನಾದ್ರೂ ಮನ್ಯಾಗ ಇಟ್ಕೊಳ್ಳಲ್ವೇನ್ರಿ?"

ಮೊದಲು ನಕ್ಕವರು ದೊಡ್ಡಮ್ಮನೇ. ಇದ್ದುದರಲ್ಲಿ ಚೆಂದದ ಕಲ್ಲೊಂದನ್ನು ಸೆರಗಿನಿಂದ ಒರೆಸಿ ಚಿಕ್ಕಪ್ಪನ ಕೈಗಿತ್ತರು. "ನಿನ್ನ ಹುಡುಗ್ರಿಗೆ ತೋರ್ಸು, ತಮ್ಮಾ. ಕಾಲು ತಾಗಿಸ್ಬ್ಯಾಡ್ರಿ ಅನ್ನು." ಆ ವಾರವೇ ಸಾದಾ ಕಲ್ಲು ತುಂಬಿದ ಭಟ್ಟಿಗೆ ಬೆಂಕಿ ಬಿತ್ತು. ಅವರ ಬಾಯಿ ಮತ್ತೆ ಕೆಂಪಾಯಿತು.

ದೊಡ್ಡಮ್ಮ, ಚಿಕ್ಕಪ್ಪ ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು. ಭಟ್ಟಿಯ ಜಾಗದಲ್ಲಿ ಮನೆಗಳೆದ್ದಿವೆ. ಮನಸ್ಸು ತಡೆಯದೆ ನಿನ್ನೆ ಚಿಕ್ಕಪ್ಪನ ಕಾಲೇಜಿಗೇ ಹೋದೆ. ಗಾಜಿನ ಬೀರುವಿನಲ್ಲಿ ಆ ಕಲ್ಲು ಇನ್ನೂ ಇತ್ತು. ಪಕ್ಕದ ಚೀಟಿಯಲ್ಲಿ ಕಲ್ಲಿನ ವಿವರವೆಲ್ಲ ಇದೆ, ಕೊಟ್ಟವರ ಹೆಸರಿಲ್ಲ. ಚೀಟಿಯನ್ನು ಮತ್ತೊಮ್ಮೆ ಓದಿದೆ. ಅಷ್ಟರಲ್ಲಿ, ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ನನ್ನ ಕಡೆ ತಿರುಗಿದಳು.

"ಅಜ್ಜಿ, ಇದನ್ನ ಯಾರು ಕೊಟ್ಟಿದ್ದು, ಗೊತ್ತೈತೇನ್ರಿ?"

"ಗೊತ್ತವ್ವಾ," ಎಂದೆ. "ನಮ್ಮ ದೊಡ್ಡಮ್ಮ. ಇದರ ಮೊಮ್ಮಗಳು."