ಹಿನಕಲ್‌ಗೆ ಹೋಗಬೇಕಿದ್ದ ಪ್ರಶ್ನೆಪತ್ರಿಕೆ

2018ರಲ್ಲಿ ನಾನು ಯಾದವಗಿರಿಯ ಒಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಸೂಪರಿಂಟೆಂಡೆಂಟ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಅದಕ್ಕೂ ಹಿಂದಿನ ಇಪ್ಪತ್ತೆರಡು ವರ್ಷ, ಪ್ರಶ್ನೆಪತ್ರಿಕೆಯ ಲಕೋಟೆಗೆ ಅರಗಿನ ಮುದ್ರೆ ಒತ್ತಿ, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಸ್ಕೂಟರ್ ಏರಿ ಹಿನಕಲ್‌ನ ಮುದ್ರಣಾಲಯಕ್ಕೆ ತಲುಪಿಸುತ್ತಿದ್ದವನು ನಾನೇ. ಪ್ರತಿ ಪತ್ರಿಕೆಗೂ ಎರಡು ಸೆಟ್. ಎರಡನೆಯದು ಪ್ರಿನ್ಸಿಪಾಲರ ಬೀರುವಿನಲ್ಲಿ ಇರುತ್ತಿತ್ತು. ಮೊದಲನೆಯದು ಹೊರಗಿನವರ ಕಣ್ಣಿಗೆ ಬಿದ್ದಿರಬಹುದು ಎಂಬ ಅನುಮಾನ ಬಂದರೂ ಸಾಕು, ಅದು ರದ್ದು.

ಆ ವರ್ಷ ಶೋಭಾ ಎಂಬ ಸಿಸ್ಟಮ್ ಅಸಿಸ್ಟೆಂಟ್ ಬಂದಳು. ಲಕೋಟೆ ಬೇಡ, ನೆಟ್‌ವರ್ಕ್ ಮೂಲಕವೇ ಫೈಲನ್ನು ಕಳಿಸೋಣ ಎಂದಳು. ದಾರಿಯಲ್ಲಿ ಯಾರು ಕದ್ದರೂ ಓದಲಾಗದಂತೆ ಗೂಢಲಿಪಿಯಲ್ಲಿ ಹೋಗುತ್ತದೆ. ಆಚೆ ಬದಿಯ ಯಂತ್ರ ನಮ್ಮದೇ ಹೌದೋ ಅಲ್ಲವೋ ಎಂದು ಅದರ ‘ಫಿಂಗರ್‌ಪ್ರಿಂಟ್’ ನೋಡಿ ತಿಳಿಯಬೇಕು. ಅದು ಆ ಯಂತ್ರಕ್ಕೆ ಮಾತ್ರ ಸೇರಿದ ಅಕ್ಷರ, ಅಂಕಿಗಳ ಒಂದು ಸಾಲು. ಶೋಭಾ ಅದನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿ ಕೊಟ್ಟು, “ಸಾರ್, ಇದು ಬೇರೆ ಬಂತು ಅಂದ್ರೆ ಕಳಿಸ್ಬೇಡಿ, ನನ್ನ ಕೇಳಿ” ಎಂದಳು. ಓದದೆಯೇ ಡ್ರಾಯರಿಗೆ ಹಾಕಿದೆ.

ಮುಚ್ಚುಮರೆ ಏಕೆ? ನನಗೆ ಹೊಟ್ಟೆಕಿಚ್ಚು. ನಾಲ್ಕು ತಿಂಗಳಲ್ಲಿ ಪ್ರಿನ್ಸಿಪಾಲರು ನನ್ನನ್ನು ಕರೆಯುವುದು ಕಡಿಮೆಯಾಯಿತು. ಸಭೆಗಳಲ್ಲಿ ಶೋಭಾಳ ಕುರ್ಚಿ ಮುಂದಿನ ಸಾಲಿಗೆ ಬಂತು. ಅಟೆಂಡರ್ ರಾಜಮ್ಮ ಒಮ್ಮೆ, “ನಿಮ್ಮ ಸ್ಕೂಟರ್‌ಗೂ ಪೆನ್ಷನ್ ಆಯ್ತಾ ಸಾರ್?” ಎಂದಾಗ ಎಲ್ಲರೂ ನಕ್ಕರು. ಶೋಭಾ ನಗಲಿಲ್ಲ. ಅದೂ ನನಗೆ ಕೋಪವೇ ತಂದಿತು.

ರಸಾಯನಶಾಸ್ತ್ರ ಪರೀಕ್ಷೆಯ ಹಿಂದಿನ ದಿನ ಅವಳು ರಜೆಯಲ್ಲಿದ್ದಳು. ಚಾಮರಾಜಪುರಂನಲ್ಲಿ ತಂಗಿಯ ನಿಶ್ಚಿತಾರ್ಥ. ಫೈಲ್ ಕಳಿಸುವ ಕೆಲಸ ನನ್ನದಾಯಿತು. ಹತ್ತು ಗಂಟೆಗೆ ಕುಳಿತೆ. ಪರದೆಯ ಮೇಲೆ ಎಚ್ಚರಿಕೆ ಬಂತು: ಆಚೆಯ ಯಂತ್ರದ ಗುರುತು ಬದಲಾಗಿದೆ, ಹೊಸದನ್ನು ಒಪ್ಪುತ್ತೀರಾ? ಅರ್ಥವಾಯಿತು. ಆದರೆ ಅವಳಿಗೆ ಫೋನ್ ಮಾಡಿದರೆ, ಒಂದು ಫೈಲ್ ಕಳಿಸಲೂ ಅವಳೇ ಬೇಕು ಎಂದು ಒಪ್ಪಿಕೊಂಡ ಹಾಗೆ. ‘ಯೆಸ್’ ಒತ್ತಿದೆ. ಫೈಲ್ ಪೂರ್ತಿ ಹೋಯಿತು. ಪ್ರಿನ್ಸಿಪಾಲರಿಗೆ ಗತ್ತಿನಿಂದಲೇ ವರದಿ ಮಾಡಿದೆ.

ಹನ್ನೊಂದು ಇಪ್ಪತ್ತಕ್ಕೆ ಮುದ್ರಣಾಲಯದ ಕುಮಾರನ ಫೋನ್. “ಸಾರ್, ಎಲ್ಲಿಗೆ ಕಳಿಸ್ಬುಟ್ರಿ? ಒಳಗಿನ ರೂಮಿಗೆ ಏನೂ ಬಂದಿಲ್ಲ. ಮುಂದ್ಗಡೆ ಕೌಂಟರ್ ಸಿಸ್ಟಮ್‌ನಲ್ಲಿ ನಿಮ್ಮ ಫೈಲ್ ಕುಂತೈತೆ. ಲಗ್ನಪತ್ರಿಕೆ ಪ್ರೂಫ್ ನೋಡೋರು ಬೆಳಿಗ್ಗೆಯಿಂದ ಅಲ್ಲೇ ಅವ್ರೆ ಕಣ್ರೀ.”

ಹಿಂದಿನ ದಿನ ಮುದ್ರಣಾಲಯದವರು ವೈರಿಂಗ್ ಬದಲಿಸಿದಾಗ, ಒಳಕೋಣೆಯ ಯಂತ್ರದ ವಿಳಾಸ ಕೌಂಟರಿನ ಯಂತ್ರಕ್ಕೆ ಹೋಗಿತ್ತು. ಎಲ್ಲ ಯಂತ್ರಗಳಿಗೂ ಅವರದು ಒಂದೇ ಪಾಸ್‌ವರ್ಡ್ ಆದ್ದರಿಂದ ಅದೂ ಫೈಲನ್ನು ತಡೆಯಲಿಲ್ಲ. ತಡೆಯಬಹುದಾಗಿದ್ದದ್ದು ಆ ಎಚ್ಚರಿಕೆಯೊಂದೇ.

ಓಡಿಹೋಗಿ ಪ್ರಿನ್ಸಿಪಾಲರಿಗೆ ತಿಳಿಸಿದೆ. ಮೊದಲ ಸೆಟ್ ಕೆಟ್ಟಿತು. ಸಂಜೆಯೊಳಗೆ ಎರಡನೆಯದು ಅಚ್ಚಾಗದಿದ್ದರೆ ಮರುದಿನದ ಪರೀಕ್ಷೆಯೇ ಇಲ್ಲ. ಅವರು ತಲೆಯ ಮೇಲೆ ಕೈ ಇಟ್ಟುಕೊಂಡು, “ಆ ಹುಡುಗಿ ಮಾಡಿದ ಏರ್ಪಾಡೇ ಸರಿ ಇಲ್ವೇನ್ರೀ?” ಎಂದರು. ಆ ಮಾತು ಕೇಳಲೆಂದೇ ನಾನು ನಾಲ್ಕು ತಿಂಗಳು ಕಾದಿದ್ದೆ. ತಪ್ಪು ನನ್ನದು ಎಂದು ತಿದ್ದಲು ಹೋಗಲಿಲ್ಲ. ಅಷ್ಟರಲ್ಲಿ ಅವರೇ ಶೋಭಾಳಿಗೆ ಫೋನ್ ಮಾಡಿ, ಸ್ಪೀಕರ್‌ಗೆ ಹಾಕಿ, ನಡೆದದ್ದು ಹೇಳಿದರು. ಹಿನ್ನೆಲೆಯಲ್ಲಿ ನಾದಸ್ವರ ಕೇಳುತ್ತಿತ್ತು.

“ಸಾರ್, ವಾರ್ನಿಂಗ್ ಏನಾದ್ರೂ ಬಂತಾ?”

ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು. ಬರಲಿಲ್ಲ ಎಂದಿದ್ದರೆ ತಪ್ಪು ಅವಳ ತಲೆಗೆ ಹೋಗುತ್ತಿತ್ತು.

“ಬಂತಮ್ಮ. ಓದಿದೆ. ಓದೇ ಒತ್ತಿದೆ.”

“ಸರಿ ಸಾರ್. ಎರಡನೇ ಸೆಟ್ ಬೀರುವಿನಲ್ಲಿರೋ ಪೆನ್‌ಡ್ರೈವ್‌ನಲ್ಲಿದೆ, ತೆಗೀರಿ. ನಾನು ಹೇಳ್ತಾ ಹೋಗ್ತೀನಿ, ನೀವೇ ಕಳಿಸಿ.”

ಮುದ್ರಣಾಲಯದಲ್ಲಿ ವಿಳಾಸ ಸರಿಪಡಿಸಿದರು. ಕುಮಾರ ಫೋನಿನಲ್ಲಿ ಓದಿದ ಫಿಂಗರ್‌ಪ್ರಿಂಟಿನ ಒಂದೊಂದು ಅಕ್ಷರವನ್ನೂ ಡ್ರಾಯರಿನಲ್ಲಿದ್ದ ಚೀಟಿಯೊಡನೆ, ಪರದೆಯೊಡನೆ ಹೋಲಿಸಿದೆ. ಒಂದೂಕಾಲಕ್ಕೆ ಫೈಲ್ ಸರಿಯಾದ ಕೋಣೆ ಸೇರಿತು. ಪರೀಕ್ಷೆ ನಿಗದಿತ ವೇಳೆಗೆ ನಡೆಯಿತು. ನನಗೆ ಮೆಮೊ ಬಂತು. ನ್ಯಾಯವೇ.

ಅವಳ ಮೇಲಿನ ಹೊಟ್ಟೆಕಿಚ್ಚು ಅಂದೇ ಆರಿತು ಎಂದರೆ ಸುಳ್ಳಾದೀತು. ನಿವೃತ್ತಿಯ ದಿನವೂ ಸ್ವಲ್ಪ ಇತ್ತು. ಆದರೆ ಕೆಲಸ ನನಗೊಂದು ನಿಯಮ ಕಲಿಸಿತು: ಯಾರನ್ನು ಕೇಳಲು ಮನಸ್ಸು ಒಪ್ಪುವುದಿಲ್ಲವೋ, ಮೊದಲು ಅವರನ್ನೇ ಕೇಳಬೇಕು.