ಬಾಲ್ಕನಿಗೆ ಬಂದ ಮೇಘನಾ

ದೆವ್ವ, ಗಾಳಿ, ಮೈಮೇಲೆ ಬರೋದು ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವಳು ನಾನು. ಪದ್ಮನಾಭನಗರದ ಒಂದು ಹೈಸ್ಕೂಲಿನಲ್ಲಿ ನಿವೃತ್ತಿಯಾಗುವ ತನಕ ಜೀವಶಾಸ್ತ್ರ ಹೇಳಿಕೊಟ್ಟವಳು. ಸ್ಕೂಟರಿಗೆ ನಿಂಬೆಹಣ್ಣು ಕಟ್ಟಿಕೊಂಡು ಬರುತ್ತಿದ್ದ ಮೇಷ್ಟ್ರುಗಳನ್ನು "ಮೊದಲು ಬ್ರೇಕ್ ಸರಿಯಾಗಿದೆಯಾ ನೋಡ್ಕೊಳ್ರೀ" ಅಂತ ರೇಗಿಸುತ್ತಿದ್ದೆ. ಈಗ ಬರೆಯುತ್ತಿರುವುದನ್ನು ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ನೀವು ನಂಬದಿದ್ದರೂ ನನಗೇನೂ ಬೇಜಾರಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಮೊಮ್ಮಗಳು ಇಂಚರಾಗೆ ಆಗಿನ್ನೂ ನಾಲ್ಕು ತುಂಬಿರಲಿಲ್ಲ. ಮನೆಯಲ್ಲಿ ತೆಗೆದ ಫೋಟೋಗಳಲ್ಲಿ ಅವಳ ಎಡಗಣ್ಣು ಬೆಳ್ಳಗೆ ಹೊಳೆಯುತ್ತಿತ್ತು. ನನ್ನ ಬೀಗಿತ್ತಿ, ಅಂದರೆ ಮಗಳು ಸುಮಾಳ ಅತ್ತೆ, "ಬೆಕ್ಕಿನ ಕಣ್ಣು, ಎಷ್ಟು ಲಕ್ಷಣವಾಗಿದೆ" ಅಂತ ಅದರಲ್ಲೊಂದಕ್ಕೆ ಫ್ರೇಮು ಬೇರೆ ಹಾಕಿಸಿದರು! ನಾನು ಜಗಳವಾಡಿ ಡಾಕ್ಟರ ಹತ್ತಿರ ಕಳಿಸಿದೆ. ಕಣ್ಣಿನ ಒಳಪರದೆಯಲ್ಲಿ ಕ್ಯಾನ್ಸರ್ ಗೆಡ್ಡೆ. ಎಳೆ ಮಕ್ಕಳಿಗೇ ಬರುವಂಥದ್ದಂತೆ.

ಕೀಮೋ ಕೊಟ್ಟು ಗೆಡ್ಡೆ ಕುಗ್ಗಿಸಿ, ಉಳಿದದ್ದನ್ನು ಲೇಸರಿನಲ್ಲಿ ಸುಟ್ಟರೆ ಜೀವದ ಜೊತೆ ಕಣ್ಣೂ ಉಳಿಯಬಹುದು ಅಂದರು ಡಾಕ್ಟರು. ಆದರೆ ಮಧ್ಯದಲ್ಲಿ ಬಿಡುವ ಹಾಗಿಲ್ಲ, ಬಿಟ್ಟರೆ ಅದು ನರ ಹಿಡಿದು ಮಿದುಳಿಗೆ ಹೋಗುತ್ತೆ ಅಂತಲೂ ಸ್ಪಷ್ಟವಾಗಿ ಹೇಳಿದರು. ಕೆಲವು ವಾರಕ್ಕೊಮ್ಮೆ ಮಗುವಿನ ಪುಟ್ಟ ಕೈಗೆ ಸೂಜಿ ಚುಚ್ಚಿ ಔಷಧಿ ಇಳಿಸುತ್ತಿದ್ದರು. ಪಕ್ಕದ ಮಂಚದಲ್ಲಿ ಇದೇ ಕಾಯಿಲೆಯ ಮೇಘನಾ ಅನ್ನುವ ಹುಡುಗಿ ಇರುತ್ತಿದ್ದಳು, ಗೊಟ್ಟಿಗೆರೆಯವಳು. ಅವಳ ತಾಯಿ ಸಾವಿತ್ರಿಗೆ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಕೂದಲಿಲ್ಲದ ಎರಡು ತಲೆಗಳೂ ಒಂದೇ ಮಂಚದಲ್ಲಿ ಕೂತು ಕಿಲಕಿಲ ನಗುತ್ತಿದ್ದವು. ನಮ್ಮವಳಿಗೆ ಅವಳು "ಮೇಘು ಅಕ್ಕ". ಆಮೇಲೆ ಅವರು ಬರುವುದು ನಿಂತಿತು. ಕಣ್ಣಿನ ಬಿಳುಪು ಹೋಯಿತಂತೆ, ವಾಸಿಯಾಯಿತು ಅಂದುಕೊಂಡರಂತೆ ಅಂತ ನರ್ಸು ಹೇಳಿ ತಲೆ ಆಡಿಸಿದರು.

ಓದು ಬರಹ ಬಾರದವರ ತಪ್ಪು ಅಂದುಕೊಳ್ಳಬೇಡಿ. ಅರೆಕೆರೆಯ ಅಪಾರ್ಟ್‌ಮೆಂಟಿನಲ್ಲಿರುವ ನನ್ನ ಬೀಗರು ಮಾಡಿದ್ದೂ ಅದೇ. ಇಂಚರಾಳ ಬಿಳುಪೂ ಕಾಣದಂತಾದಾಗ ಬೀಗಿತ್ತಿ ಪಟ್ಟು ಹಿಡಿದರು. "ಬಿಳಿ ಹೋಯ್ತಲ್ಲ, ಇನ್ನೂ ಯಾಕೆ ಆ ವಿಷ ಹಾಕಿಸ್ತೀರಾ? ಮಗು ಒಂದು ತುತ್ತು ಅನ್ನ ತಿಂತಿಲ್ಲ. ಇದು ದೃಷ್ಟಿ ಕಣ್ರೀ, ನಾನು ತೆಗೆಸಿದ್ದೀನಿ." ನಾನು ಕ್ಯಾಲೆಂಡರ್ ಹಾಳೆಯ ಹಿಂದೆ ಕಣ್ಣಿನ ಚಿತ್ರ ಬರೆದು, ಗೆಡ್ಡೆ ಎಲ್ಲಿರುತ್ತೆ, ನರ ಎಲ್ಲಿ ಹೋಗುತ್ತೆ ಎಲ್ಲಾ ತೋರಿಸಿದೆ. "ಟೀಚರಮ್ಮ, ಇದು ನಿಮ್ಮ ಕ್ಲಾಸಲ್ಲ" ಅಂದರು. ಎಂಜಿನಿಯರಿಂಗ್ ಓದಿರುವ ನನ್ನ ಅಳಿಯ "ಸ್ವಲ್ಪ ದಿನ ನೋಡೋಣ ಅತ್ತೆ" ಅಂತ ಅಮ್ಮನ ಮುಖ ನೋಡಿದ. ಆಸ್ಪತ್ರೆಯಿಂದ ಫೋನು ಬಂದರೆ ಕಟ್ ಮಾಡುತ್ತಿದ್ದ. ಸುಮಾ ಅತ್ತಳು, ಅಷ್ಟೇ. ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಸುಮಾ ಕೆಲಸಕ್ಕೆ ಹೋಗುವಾಗ ಮಗುವನ್ನು ಬನಶಂಕರಿಯ ನಮ್ಮ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದಳು. ಎರಡು ಸಲದ ಕೀಮೋ ತಪ್ಪಿಸಿ ಆಗಿತ್ತು. ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಅವರೆಕಾಳು ಹಿಸುಕುತ್ತಾ ಕೂತಿದ್ದೆ. ಬಾಲ್ಕನಿಯಲ್ಲಿ ಇಂಚರಾ ಮಾತಾಡುತ್ತಿದ್ದಳು. ಮಕ್ಕಳು ಒಬ್ಬೊಬ್ಬರೇ ಮಾತಾಡಿಕೊಳ್ಳುವುದು ಸಹಜ. ಆದರೆ ಇವಳು ಒಂದು ಮಾತಾಡಿ ಸುಮ್ಮನಾಗುತ್ತಿದ್ದಳು, ಆ ಕಡೆಯವರ ಮಾತು ಮುಗಿದ ಮೇಲೆ "ಹೂಂ" ಅನ್ನುತ್ತಿದ್ದಳು. ಕೈ ಒರೆಸಿಕೊಂಡು ಹೋಗಿ ನೋಡಿದೆ. ಗ್ರಿಲ್ ಪಕ್ಕ ಕೂತಿದ್ದಳು. ಎದುರಿಗೆ ಯಾರೂ ಇರಲಿಲ್ಲ.

"ಯಾರ ಜೊತೆ ಪುಟ್ಟಾ ಮಾತು?"

"ಮೇಘು ಅಕ್ಕ."

"ಓಹೋ, ಏನಂತೆ ಮೇಘು ಅಕ್ಕ?" ಅಂತ ಆಟಕ್ಕೆ ಕೇಳಿದೆ.

"ಅವಳ ಕಣ್ಣಿಗೆ ಸೊಪ್ಪಿನ ರಸ ಬಿಟ್ರಂತೆ ಅಜ್ಜಿ. ತುಂಬಾ ಉರಿಯಂತೆ. ಇವತ್ತು ಅವಳ ಮನೆ ತುಂಬ ಜನ ಇದ್ದಾರಂತೆ. ಯಾರೂ ಅವಳ ಜೊತೆ ಮಾತಾಡ್ತಿಲ್ವಂತೆ. ಅದಕ್ಕೇ ಬಂದ್ಲು." ಆಮೇಲೆ ತಾನು ಕೇಳಿದ್ದನ್ನು ಒಪ್ಪಿಸುವ ದನಿಯಲ್ಲಿ ಹೇಳಿದಳು, "ನೀನು ಸೂಜಿಗೆ ಹೋಗು ಪಾಪು ಅಂದ್ಲು."

ಸಾವಿತ್ರಿಯ ನಂಬರ್ ನನ್ನ ಫೋನಿನಲ್ಲಿ ಇತ್ತು. ಮಾಡಿದೆ. ಯಾರೋ ಗಂಡಸು ಎತ್ತಿದರು. ಹಿಂದೆ ಹೆಂಗಸರು ಅಳುವುದು ಕೇಳಿಸುತ್ತಿತ್ತು. "ಮಗು ಹೋಗ್ಬಿಡ್ತಮ್ಮ, ಬೆಳಿಗ್ಗೆ. ಇನ್ನೂ ಎತ್ತಿಲ್ಲ, ಊರಿಂದ ಜನ ಬರ್ಬೇಕು" ಅಂದರು.

ನಾನು ಇದನ್ನು ಬೇಕಾದಷ್ಟು ಸಲ ಬಿಡಿಸಿ ನೋಡಿದ್ದೇನೆ. ಆ ದಿನ ನಮಗೆ ಯಾರೂ ಫೋನು ಮಾಡಿರಲಿಲ್ಲ. ಸುಮಾಗೂ ಗೊತ್ತಿರಲಿಲ್ಲ, ನಾನೇ ಅವಳಿಗೆ ಹೇಳಿದ್ದು. ಸೊಪ್ಪಿನ ರಸದ ವಿಷಯ ನರ್ಸಿಗೂ ಗೊತ್ತಿರಲಿಲ್ಲ. ಮಗು ಸುಮ್ಮನೆ ಕಟ್ಟಿ ಹೇಳಿತು ಅನ್ನೋಣ ಅಂದರೆ, ಅದೇ ದಿನ ಯಾಕೆ ಹೇಳಬೇಕು?

ಅವತ್ತು ಸಂಜೆಯೇ ಅರೆಕೆರೆಗೆ ಹೋಗಿ ಬೀಗಿತ್ತಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ದೇವರ ಮುಂದೆ ದೀಪ ಹಚ್ಚಿ ಕೈ ಮುಗಿದು ಮಗನನ್ನು ಕೂಗಿದರು. "ನಾಳೆ ಬೆಳಿಗ್ಗೆನೇ ಆಸ್ಪತ್ರೆಗೆ ಹೊರಡೋ!" ನೋಡಿ, ಇದು ನನ್ನ ಕಹಿ. ಕ್ಲಾಸಿನಲ್ಲಿ ವರ್ಷಗಟ್ಟಲೆ ಕಣ್ಣಿನ ಚಿತ್ರ ಬರೆದು ಸೀಮೆಸುಣ್ಣ ಸವೆಸಿದ ನನ್ನ ಮಾತಿಗೆ, ಕಲಿತ ಡಾಕ್ಟರ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಸತ್ತ ಮಗು ಬಂದು ಹೇಳಬೇಕಾಯಿತು.

ಅಷ್ಟರಲ್ಲಿ ಗೆಡ್ಡೆ ಮತ್ತೆ ಬೆಳೆದಿತ್ತು. ಇನ್ನು ಕಣ್ಣು ಉಳಿಸೋಕೆ ಆಗಲ್ಲ, ಜೀವ ಉಳಿಸೋಣ ಅಂದರು ಡಾಕ್ಟರು. ಕಣ್ಣು ತೆಗೆದರು, ಉಳಿದ ಕೀಮೋ ಮುಗಿಸಿದರು. ಇಂಚರಾ ಈಗ ಸ್ಕೂಲಿಗೆ ಹೋಗುತ್ತಾಳೆ, ಎಡಗಡೆ ಕೃತಕ ಕಣ್ಣು. ಆ ಮಧ್ಯಾಹ್ನದ್ದು ಅವಳಿಗೆ ಒಂದಿಷ್ಟೂ ನೆನಪಿಲ್ಲ. ಬೀಗಿತ್ತಿ ಮಾತ್ರ ಬಂದವರಿಗೆಲ್ಲಾ "ದೇವಿ ಮಗುವಿನ ರೂಪದಲ್ಲಿ ಬಂದು ಕಾಪಾಡಿದಳು" ಅಂತ ಹೇಳಿಕೊಂಡು ತಿರುಗುತ್ತಾರೆ. ದೇವಿಯಂತೆ! ಮೇಘನಾ ಅಂತ ಹೆಸರು ಹೇಳೋಕೂ ಅವರಿಗೆ ಬಾಯಿ ಬರುವುದಿಲ್ಲ.

ಶಸ್ತ್ರಚಿಕಿತ್ಸೆ ಎಲ್ಲಾ ಮುಗಿದ ಮೇಲೆ ಗೊಟ್ಟಿಗೆರೆಗೆ ಹೋದೆ. ಒಂದೇ ಕೋಣೆಯ ಮನೆ. ಸೊಪ್ಪಿನ ರಸ ಬಿಟ್ಟದ್ದು ನಿಜವಾ ಅಂತ ಕೇಳಿದೆ. ನಿಜ ಅಂದಳು ಸಾವಿತ್ರಿ, ಯಾರಿಗೂ ಹೇಳಿರಲಿಲ್ಲ ಅಂದಳು. ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಅವಳ ಮಗಳಿಂದ ನಮ್ಮ ಮಗು ಬದುಕಿತು ಅಂತ ತಿಳಿದರೆ ಅವಳಿಗೆ ಸ್ವಲ್ಪ ಸಮಾಧಾನ ಆಗಬಹುದು ಅನ್ನಿಸಿತ್ತು. ಅವಳು ಅಳಲಿಲ್ಲ. ಗೋಡೆಗೆ ಒರಗಿ ಕೂತಳು.

"ನಿಮ್ಮನೆ ಎಲ್ಲಿದೆ ಅಂತಾನೂ ಅವಳಿಗೆ ಗೊತ್ತಿಲ್ಲ ಮೇಡಂ" ಅಂದಳು. "ಅಷ್ಟು ದೂರ ಹೋದ್ಲು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ನನ್ನ ಹತ್ರ ಯಾಕೆ ಒಂದು ಮಾತಾಡ್ಲಿಲ್ಲ?"

ನಾನು ಬ್ಯಾಗು ತೆಗೆದುಕೊಂಡು ಎದ್ದೆ.